ಸರಾಸರಿಗೆ ಸಿಗದ ಮಳೆ

ಮಕ್ಕಳೇ, ಇದು 2024ರ ಜೂನ್ 3, ಸೋಮವಾರದ ಮಾತು. ಬೇಸಿಗೆ ರಜೆ ಮುಗಿದು ಶಾಲೆಗಳು ಆಗಷ್ಟೇ ತೆರೆದಿದ್ದವು. ಬೆಂಗಳೂರಿನ ಲಾಲ್‌ಬಾಗ್ ಪಕ್ಕದಲ್ಲಿರುವ ಸಿದ್ದಾಪುರದ ಒಂದು ಶಾಲೆಗೆ ನಾನು ಹೋಗಿದ್ದೆ. ಏಳನೇ ತರಗತಿಯ ಮುಂದಿನ ವರಾಂಡದಲ್ಲಿ ನೋಟ್‌ಬುಕ್ಕುಗಳನ್ನು ತೆರೆದು ಬಿಸಿಲಿಗೆ ಹರವಿದ್ದರು. ಕೆಲವದರ ಶಾಯಿ ಕದಡಿ ಪುಟವೆಲ್ಲ ನೀಲಿಯಾಗಿತ್ತು.

“ರಾತ್ರಿ ಮನೆಯೊಳಗೆ ನೀರು ಬಂತು ಮಿಸ್. ಚೀಲ ನೆಲದ ಮೇಲಿತ್ತು” ಎಂದಳು ಆ ಪುಸ್ತಕಗಳ ಹುಡುಗಿ. ಅವಳ ಮನೆ ರಸ್ತೆಗಿಂತ ಎರಡು ಮೆಟ್ಟಿಲು ಕೆಳಗಿದೆ.

ಹಿಂದಿನ ದಿನ, ಅಂದರೆ ಜೂನ್ 2ರ ಭಾನುವಾರ, ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆ ಸುರಿದಿತ್ತು. ಜೂನ್ ತಿಂಗಳ ಒಂದೇ ದಿನದಲ್ಲಿ ಅಷ್ಟು ಮಳೆ ನಗರದ ದಾಖಲೆಯಲ್ಲಿ ಅದುವರೆಗೆ ಇರಲಿಲ್ಲ. ಹಳೆಯ ದಾಖಲೆ 1891ರ ಜೂನ್ 16ರದು, 101.6 ಮಿಲಿಮೀಟರ್. 133 ವರ್ಷಗಳಷ್ಟು ಹಳೆಯ ದಾಖಲೆ ಒಂದು ಸಂಜೆಯ ಮಳೆಗೆ ಮುರಿದುಬಿತ್ತು.

ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಮಿಸ್, ಬೆಂಗಳೂರಿನಲ್ಲಿ ಜೂನ್ ತಿಂಗಳ ಸರಾಸರಿ ಮಳೆ 110 ಮಿಲಿಮೀಟರ್ ಅಂತ ಪೇಪರಿನಲ್ಲಿ ಬಂದಿದೆ. ಹಾಗಾದರೆ ಈ ತಿಂಗಳ ಮಳೆ ಮುಗೀತಾ?”

ತರಗತಿಯೆಲ್ಲ ನಕ್ಕಿತು. ಆದರೆ ಅದು ನಗುವ ಪ್ರಶ್ನೆಯಲ್ಲ. ಸರಾಸರಿ ಎಂದರೆ ಏನು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದೆಲ್ಲ ಆ ಪ್ರಶ್ನೆಯೊಳಗಿದೆ. ಬನ್ನಿ, ಅದನ್ನೇ ಬಿಡಿಸೋಣ.

ಸರಾಸರಿ ಎಂದರೆ ಸಮನಾಗಿ ಹಂಚುವುದು

ಎಲ್ಲ ಬೆಲೆಗಳನ್ನು ಕೂಡಿಸಿ, ಎಷ್ಟು ಬೆಲೆಗಳಿವೆಯೋ ಅಷ್ಟರಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಇದು ನಿಮಗೆಲ್ಲ ಗೊತ್ತು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಇರುವುದನ್ನೆಲ್ಲ ಒಟ್ಟು ಮಾಡಿ ಎಲ್ಲರಿಗೂ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಬರುವ ಪಾಲೇ ಸರಾಸರಿ.

ಜೂನ್ ತಿಂಗಳ 110 ಮಿಲಿಮೀಟರ್ ಮಳೆಯನ್ನು 30 ದಿನಗಳಿಗೆ ಸಮನಾಗಿ ಹಂಚಿ ನೋಡಿ.

110 ÷ 30 = ಸುಮಾರು 3.7 ಮಿಲಿಮೀಟರ್

ದಿನಕ್ಕೆ 3.7 ಮಿಲಿಮೀಟರ್ ಮಳೆಯೆಂದರೆ ರಸ್ತೆ ಒದ್ದೆಯಾಗುತ್ತದೆ, ಗಿಡಗಳಿಗೆ ಹಿತವಾಗುತ್ತದೆ, ಅಷ್ಟೆ. ಯಾರ ಮನೆಗೂ ನೀರು ನುಗ್ಗುವುದಿಲ್ಲ. ಆದರೆ ಮಳೆ ಹಾಗೆ ಸಮನಾಗಿ ಹಂಚಿಕೊಂಡು ಬರುತ್ತದೆಯೇ? ಹಂಚುವುದು ನಾವು, ಕಾಗದದ ಮೇಲೆ. ಸರಾಸರಿ ಎಂಬುದು ಮೋಡಗಳಿಗೆ ಗೊತ್ತುಮಾಡಿದ ರೇಷನ್ ಅಲ್ಲ. ಆದ್ದರಿಂದ ಆ ಹುಡುಗನ ಪ್ರಶ್ನೆಗೆ ಉತ್ತರ: ಇಲ್ಲ, ಮಳೆ ಮುಗಿದಿಲ್ಲ. ಕೆಲವು ವರ್ಷ ಜೂನ್‌ನಲ್ಲಿ 110ಕ್ಕಿಂತ ಬಹಳ ಹೆಚ್ಚು, ಕೆಲವು ವರ್ಷ ಬಹಳ ಕಡಿಮೆ ಮಳೆಯಾಗುತ್ತದೆ. ಅವೆಲ್ಲವನ್ನೂ ಸೇರಿಸಿ ಹಂಚಿದಾಗ ಬಂದ ಸಂಖ್ಯೆ 110.

ಎರಡು ಊರುಗಳ ಕಥೆ

ಲೆಕ್ಕಕ್ಕಾಗಿ ನಾವೇ ಎರಡು ಊರುಗಳನ್ನು ಕಲ್ಪಿಸಿಕೊಳ್ಳೋಣ. ಎರಡೂ ಊರುಗಳಲ್ಲಿ 10 ದಿನ ಮಳೆ ಅಳೆದಿದ್ದಾರೆ. ಬೆಲೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದೆ. ಎಲ್ಲ ಬೆಲೆಗಳೂ ಮಿಲಿಮೀಟರ್‌ಗಳಲ್ಲಿವೆ.

ಮೊದಲ ಊರು: 8, 9, 9, 10, 10, 10, 10, 11, 11, 12
ಎರಡನೇ ಊರು: 0, 0, 0, 0, 0, 0, 0, 10, 15, 75

ಎರಡನ್ನೂ ಕೂಡಿಸಿ ನೋಡಿ. ಎರಡರ ಮೊತ್ತವೂ 100, ಎರಡರ ಸರಾಸರಿಯೂ 10. ಸರಾಸರಿಯನ್ನು ಮಾತ್ರ ಕೇಳಿದವರು ‘ಎರಡೂ ಊರುಗಳ ಮಳೆ ಒಂದೇ’ ಎನ್ನುತ್ತಾರೆ. ಆದರೆ ಮೊದಲ ಊರಿನಲ್ಲಿ ದಿನವೂ ಹದವಾದ ಮಳೆ. ಎರಡನೇ ಊರಿನಲ್ಲಿ ಏಳು ದಿನ ಒಣ ಹವೆ, ಒಂದು ದಿನ ಪ್ರವಾಹ!

ಇಂಥ ಕಡೆ ಸರಾಸರಿಯ ಜೊತೆಗೆ ಇನ್ನೂ ಮೂರು ಬೆಲೆಗಳನ್ನು ಕೇಳಬೇಕು.

ಮಧ್ಯಾಂಕ: ಬೆಲೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆ. ಒಟ್ಟು 10 ಬೆಲೆಗಳಿದ್ದರೆ 5ನೆಯ ಮತ್ತು 6ನೆಯ ಬೆಲೆಗಳ ಸರಾಸರಿ. ಮೊದಲ ಊರಿನ ಮಧ್ಯಾಂಕ 10. ಎರಡನೆಯದರದು 0.

ಬಹುಲಕ: ಅತಿ ಹೆಚ್ಚು ಸಲ ಬಂದ ಬೆಲೆ. ಕೆಲವು ಪಠ್ಯಪುಸ್ತಕಗಳಲ್ಲಿ ಇದನ್ನು ರೂಢಿಬೆಲೆ ಎಂದೂ ಕರೆದಿದ್ದಾರೆ. ಮೊದಲ ಊರಿನದು 10. ಎರಡನೆಯದರದು 0.

ವ್ಯಾಪ್ತಿ: ಅತಿ ದೊಡ್ಡ ಬೆಲೆಯಿಂದ ಅತಿ ಚಿಕ್ಕ ಬೆಲೆಯನ್ನು ಕಳೆದಾಗ ಸಿಗುವುದು. ಮೊದಲ ಊರಿನದು 12 – 8 = 4. ಎರಡನೆಯದರದು 75 – 0 = 75.

ಈಗ ನೋಡಿ, ಎರಡೂ ಊರುಗಳ ಗುಟ್ಟು ಬಯಲಾಯಿತು. ಸರಾಸರಿ ಅಡಗಿಸಿಟ್ಟದ್ದನ್ನು ಮಧ್ಯಾಂಕ ಮತ್ತು ವ್ಯಾಪ್ತಿ ಹೊರಗೆ ತಂದವು. ಒಂದೇ ಒಂದು ದೊಡ್ಡ ಬೆಲೆ ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮಧ್ಯಾಂಕವನ್ನು ಹಾಗೆ ಎಳೆಯುವುದು ಕಷ್ಟ. 75ರ ಬದಲು 175 ಎಂದು ಬರೆದು ಎರಡನ್ನೂ ಮತ್ತೆ ಕಂಡುಹಿಡಿಯಿರಿ. ನಿಮಗೇ ಗೊತ್ತಾಗುತ್ತದೆ.

ಬೆಂಗಳೂರಿನ ಹನ್ನೆರಡು ತಿಂಗಳು

ಕಲ್ಪನೆಯ ಊರು ಸಾಕು, ಈಗ ನಿಜವಾದ ಊರಿಗೆ ಬರೋಣ. 1991ರಿಂದ 2020ರವರೆಗಿನ 30 ವರ್ಷಗಳ ಅಳತೆಗಳಿಂದ ಹವಾಮಾನ ಇಲಾಖೆ ಬೆಂಗಳೂರು ನಗರದ ಪ್ರತಿ ತಿಂಗಳ ಸರಾಸರಿ ಮಳೆಯನ್ನು ಲೆಕ್ಕ ಹಾಕಿದೆ. ದಶಮಾಂಶಗಳನ್ನು ಬಿಟ್ಟು ಪೂರ್ಣ ಸಂಖ್ಯೆಗಳಲ್ಲಿ ಇಲ್ಲಿ ಕೊಟ್ಟಿದೆ. ಇವೂ ಮಿಲಿಮೀಟರ್‌ಗಳಲ್ಲಿವೆ.

ಜನವರಿ 2
ಫೆಬ್ರವರಿ 7
ಮಾರ್ಚ್ 15
ಏಪ್ರಿಲ್ 62
ಮೇ 129
ಜೂನ್ 110
ಜುಲೈ 116
ಆಗಸ್ಟ್ 163
ಸೆಪ್ಟೆಂಬರ್ 208
ಅಕ್ಟೋಬರ್ 186
ನವೆಂಬರ್ 65
ಡಿಸೆಂಬರ್ 15

ಒಂದು ವಿಷಯ ಗಮನಿಸಿದಿರಾ? ಮುಂಗಾರು ಶುರುವಾಗುವ ಜೂನ್‌ಗಿಂತ ಮೇ ತಿಂಗಳಲ್ಲೇ ಹೆಚ್ಚು ಮಳೆ. ಬೆಂಗಳೂರು ಪಶ್ಚಿಮ ಘಟ್ಟಗಳ ಆಚೆ, ಮಳೆಯ ನೆರಳಿನಲ್ಲಿದೆ. ಮುಂಗಾರಿನ ಮೋಡಗಳು ಘಟ್ಟದ ಆ ಬದಿಯಲ್ಲೇ ಬಹುಪಾಲು ನೀರನ್ನು ಸುರಿಸಿ ಇತ್ತ ಬರುತ್ತವೆ. ಮೇ ತಿಂಗಳ ಮಳೆ ಬಿಸಿಲಿಗೆ ಕಾದ ನೆಲದಿಂದ ಎದ್ದ ಗುಡುಗು ಮೋಡಗಳದು.

ಈಗ ಲೆಕ್ಕ ಮಾಡೋಣ.

ಮೊತ್ತ: 1,078
ಸರಾಸರಿ: 1,078 ÷ 12 = ಸುಮಾರು 90
ಏರಿಕೆ ಕ್ರಮ: 2, 7, 15, 15, 62, 65, 110, 116, 129, 163, 186, 208
ಮಧ್ಯಾಂಕ: (65 + 110) ÷ 2 = 87.5
ವ್ಯಾಪ್ತಿ: 208 – 2 = 206

ಸರಾಸರಿ 90, ಮಧ್ಯಾಂಕ 87.5. ಎರಡೂ ಹತ್ತಿರ ಹತ್ತಿರ. ಹಾಗಾದರೆ ‘ಬೆಂಗಳೂರಿನ ಸಾಮಾನ್ಯ ತಿಂಗಳಿನಲ್ಲಿ ಸುಮಾರು 90 ಮಿಲಿಮೀಟರ್ ಮಳೆ’ ಎನ್ನಬಹುದೇ? ಪಟ್ಟಿಯನ್ನು ಇನ್ನೊಮ್ಮೆ ನೋಡಿ. 90ರ ಹತ್ತಿರ ಯಾವ ತಿಂಗಳಿದೆ? ಒಂದೂ ಇಲ್ಲ! 65 ಆದ ಮೇಲೆ ನೇರವಾಗಿ 110. ನಡುವೆ ಖಾಲಿ. ಈ ಖಾಲಿ ಜಾಗವನ್ನು ಸರಾಸರಿಯೂ ಹೇಳಲಿಲ್ಲ, ಮಧ್ಯಾಂಕವೂ ಹೇಳಲಿಲ್ಲ. ಅದನ್ನು ಕಣ್ಣಿಗೆ ಕಾಣಿಸಲು ಚಿತ್ರವೇ ಬೇಕು.

ಹಿಸ್ಟೋಗ್ರಾಂ ಬರೆಯೋಣ

ಆ ಚಿತ್ರದ ಹೆಸರು ಹಿಸ್ಟೋಗ್ರಾಂ. ಈ ಹೆಸರನ್ನು ಕೊಟ್ಟವರು ಇಂಗ್ಲೆಂಡಿನ ಕಾರ್ಲ್ ಪಿಯರ್‌ಸನ್, 1890ರ ದಶಕದಲ್ಲಿ. ಹೆಸರು ಕಷ್ಟ, ಕೆಲಸ ಸುಲಭ.

1. ಬೆಲೆಗಳನ್ನು ಸಮಾನ ಅಗಲದ ಗುಂಪುಗಳಾಗಿ ಮಾಡಿ. ಇವೇ ವರ್ಗಾಂತರಗಳು. ನಾವು 50 ಮಿಲಿಮೀಟರ್ ಅಗಲ ಇಟ್ಟುಕೊಳ್ಳೋಣ: 0–50, 50–100, ಹೀಗೆ.

2. ಸರಿಯಾಗಿ 50 ಬಂದರೆ ಯಾವ ಗುಂಪಿಗೆ? ಮೊದಲೇ ಒಂದು ನಿಯಮ ಮಾಡಿಕೊಳ್ಳಿ. ಗುಂಪು ಮುಗಿಯುವ ಬೆಲೆ ಮುಂದಿನ ಗುಂಪಿಗೆ ಸೇರುತ್ತದೆ. ಆದ್ದರಿಂದ 50 ಎರಡನೇ ಗುಂಪಿಗೆ.

3. ಪ್ರತಿ ಬೆಲೆಗೂ ಅದರ ಗುಂಪಿನಲ್ಲಿ ಒಂದು ತಾಳೆ ಗುರುತು ಹಾಕಿ. ಗುರುತುಗಳನ್ನು ಎಣಿಸಿ. ಈ ಎಣಿಕೆಯೇ ಆವೃತ್ತಿ.

4. ಗ್ರಾಫ್ ಹಾಳೆಯ ಅಡ್ಡ ಗೆರೆಯ ಮೇಲೆ ಗುಂಪುಗಳನ್ನೂ ಉದ್ದ ಗೆರೆಯ ಮೇಲೆ ಆವೃತ್ತಿಯನ್ನೂ ಗುರುತಿಸಿ, ಒಂದಕ್ಕೊಂದು ತಾಗುವಂತೆ ಆಯತಗಳನ್ನು ಎಳೆಯಿರಿ.

ಇಲ್ಲಿ ಅಚ್ಚಿನ ಅನುಕೂಲಕ್ಕಾಗಿ ಆಯತಗಳನ್ನು ಮಲಗಿಸಿದೆ. ಒಂದು ಚೌಕ ಎಂದರೆ ಒಂದು ತಿಂಗಳು.

0–50 ■■■■
50–100 ■■
100–150 ■■■
150–200 ■■
200–250 ■

ಎಡಗಡೆ ನಾಲ್ಕು ಒಣ ತಿಂಗಳುಗಳ ಗುಂಪು ಎದ್ದು ಕಾಣುತ್ತದೆ. ಆದರೆ 90ರ ಸುತ್ತಲಿನ ಖಾಲಿ ಜಾಗ ಎಲ್ಲಿ? ಕಾಣುತ್ತಿಲ್ಲ. 62 ಮತ್ತು 65 ಎರಡೂ 50–100ರ ಗುಂಪಿನಲ್ಲಿ ಸೇರಿಕೊಂಡು ಅದನ್ನು ಮುಚ್ಚಿಬಿಟ್ಟಿವೆ. ಗುಂಪಿನ ಅಗಲವನ್ನು ಅರ್ಧ ಮಾಡಿ, 25 ಇಟ್ಟು ನೋಡೋಣ.

0–25 ■■■■
25–50
50–75 ■■
75–100
100–125 ■■
125–150 ■
150–175 ■
175–200 ■
200–225 ■

ಈಗ ಕಂಡಿತೇ? ಎರಡು ಕಡೆ ಖಾಲಿ. ಒಣ ತಿಂಗಳು ನಾಲ್ಕು, ಬೇಸಿಗೆಯ ಮತ್ತು ಚಳಿಗಾಲದ ಬಾಗಿಲಲ್ಲಿ ನಿಂತ ಏಪ್ರಿಲ್, ನವೆಂಬರ್ ಎರಡು, ಮಳೆಯ ತಿಂಗಳು ಆರು. ಸರಾಸರಿಯಾದ 90 ಬೀಳುವುದು 75–100ರ ಖಾಲಿ ಮನೆಯಲ್ಲಿ! ಅಂದರೆ ಬೆಂಗಳೂರಿನ ‘ಸರಾಸರಿ ತಿಂಗಳು’ ಕ್ಯಾಲೆಂಡರಿನಲ್ಲೇ ಇಲ್ಲ.

ಇನ್ನು ಅಗಲವನ್ನು 100 ಮಾಡಿದರೆ? 0–100ರಲ್ಲಿ 6, 100–200ರಲ್ಲಿ 5, 200–300ರಲ್ಲಿ 1. ಒಣ ಅರ್ಧ ವರ್ಷ, ಹಸಿ ಅರ್ಧ ವರ್ಷ ಎಂಬುದು ತಿಳಿಯುತ್ತದೆ. ಉಳಿದ ವಿವರ ಮರೆಯಾಗುತ್ತದೆ. ಅಗಲವನ್ನು ಬಹಳ ಕಡಿಮೆ ಮಾಡಿ 2 ಇಟ್ಟರೆ ಆಯತಗಳು ಚದುರಿ ಏನೂ ಅರ್ಥವಾಗುವುದಿಲ್ಲ. ಅದಕ್ಕೇ ಎರಡು ಮೂರು ಅಗಲಗಳಲ್ಲಿ ಬರೆದು ನೋಡಬೇಕು. ಮೊದಲ ಚಿತ್ರವನ್ನೇ ನಂಬಿ ಕೂರಬಾರದು.

ಇದು ಸ್ತಂಭಾಲೇಖವಲ್ಲ

ಅಡ್ಡ ಗೆರೆಯ ಮೇಲೆ ಜನವರಿ, ಫೆಬ್ರವರಿ ಎಂದು ಬರೆದು ಪ್ರತಿ ತಿಂಗಳಿಗೂ ಅದರ ಮಳೆಯಷ್ಟು ಎತ್ತರದ ಕಂಬ ನಿಲ್ಲಿಸಿದರೆ ಅದು ಸ್ತಂಭಾಲೇಖ. ಅದರಲ್ಲಿ ಕಂಬಗಳ ನಡುವೆ ಜಾಗ ಬಿಡುತ್ತೇವೆ. ಅದು ‘ಯಾವ ತಿಂಗಳಲ್ಲಿ ಎಷ್ಟು ಮಳೆ?’ ಎಂಬ ಪ್ರಶ್ನೆಗೆ ಉತ್ತರ. ಹಿಸ್ಟೋಗ್ರಾಂ ಉತ್ತರಿಸುವುದು ‘ಇಷ್ಟರಿಂದ ಇಷ್ಟರವರೆಗೆ ಮಳೆ ಬಂದ ತಿಂಗಳುಗಳು ಎಷ್ಟು?’ ಎಂಬ ಪ್ರಶ್ನೆಗೆ. ಒಂದು ಗುಂಪು ಮುಗಿದಲ್ಲೇ ಇನ್ನೊಂದು ಗುಂಪು ಶುರುವಾಗುವುದರಿಂದ ಆಯತಗಳು ಅಂಟಿಕೊಂಡಿರುತ್ತವೆ. ನಡುವೆ ಜಾಗ ಕಂಡರೆ, ಆ ಗುಂಪಿನಲ್ಲಿ ಯಾವ ಬೆಲೆಯೂ ಇಲ್ಲ ಎಂದರ್ಥ.

ಯಾವ ಪ್ರಶ್ನೆಗೆ ಯಾವ ಸಂಖ್ಯೆ?

ಹಾಗಾದರೆ ಸರಾಸರಿ ಪ್ರಯೋಜನವಿಲ್ಲದ್ದೇ? ಖಂಡಿತ ಅಲ್ಲ. ಒಂದು ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. 10 ಮೀಟರ್ ಉದ್ದ, 6 ಮೀಟರ್ ಅಗಲದ ಶಾಲಾ ಕೊಠಡಿಯ ಚಾವಣಿ 60 ಚದರ ಮೀಟರ್. ವರ್ಷದ ಸರಾಸರಿ ಮಳೆ 1,078 ಮಿಲಿಮೀಟರ್. ಅಂದರೆ ಒಂದೇ ಕೊಠಡಿಯ ಮೇಲೆ ವರ್ಷಕ್ಕೆ 64,680 ಲೀಟರ್ ನೀರು! ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಜನ ಟ್ಯಾಂಕರ್‌ಗೆ ಕಾದು ನಿಂತದ್ದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ‘ಮಳೆನೀರು ಹಿಡಿದರೆ ವರ್ಷಕ್ಕೆ ಎಷ್ಟು ಸಿಕ್ಕೀತು?’ ಎಂಬ ಪ್ರಶ್ನೆಗೆ ಸರಾಸರಿಯೇ ಸರಿಯಾದ ಸಂಖ್ಯೆ. ಮಳೆನೀರು ಹಿಡಿಯುವ ವಿಧಾನಗಳನ್ನು ತೋರಿಸಲೆಂದೇ ಸಿದ್ದಾಪುರಕ್ಕೆ ಹತ್ತಿರದ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿ ಒಂದು ಉದ್ಯಾನ ಮಾಡಿದೆ. ಅದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿಟ್ಟಿದ್ದಾರೆ.

ಆದರೆ ಅದೇ ಚಾವಣಿಗೆ ಕೊಳವೆ ಎಷ್ಟು ದಪ್ಪ ಇರಬೇಕು, ರಸ್ತೆಯ ಚರಂಡಿ ಎಷ್ಟು ಆಳ ಇರಬೇಕು ಎಂದು ಕೇಳಿದರೆ? ಜೂನ್‌ನ ಸರಾಸರಿ ದಿನದಲ್ಲಿ ಆ ಚಾವಣಿಯಿಂದ ಇಳಿಯುವುದು ಸುಮಾರು 220 ಲೀಟರ್, ಒಂದು ದೊಡ್ಡ ಡ್ರಮ್ಮಿನಷ್ಟು. 2024ರ ಜೂನ್ 2ರಂದು ಇಳಿದಿರಬಹುದಾದದ್ದು 6,666 ಲೀಟರ್, ಅಂದರೆ ಸುಮಾರು 30 ಡ್ರಮ್ಮುಗಳಷ್ಟು. ಸರಾಸರಿ ದಿನವನ್ನು ನಂಬಿ ಕಟ್ಟಿದ ಚರಂಡಿ ಅಂಥ ದಿನ ಉಕ್ಕಿ ಹರಿಯುತ್ತದೆ. ಇಲ್ಲಿ ನೋಡಬೇಕಾದದ್ದು ಹಿಸ್ಟೋಗ್ರಾಂನ ಬಲತುದಿಯನ್ನು. ಅಲ್ಲಿ ಒಂಟಿಯಾಗಿ ನಿಂತ ಒಂದೇ ಒಂದು ಚೌಕವಿದ್ದರೂ ಅದನ್ನು ಮರೆಯುವಂತಿಲ್ಲ.

ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಿದವಳು ಪುಸ್ತಕ ಒಣಗಿಸುತ್ತಿದ್ದ ಆ ಹುಡುಗಿ. “ನಮ್ಮ ಮನೆಯೊಳಗೆ ವರ್ಷದಲ್ಲಿ ಒಂದೋ ಎರಡೋ ದಿನ ನೀರು ಬರುತ್ತೆ ಮಿಸ್. ಸರಾಸರಿ ತೆಗೆದರೆ ಸೊನ್ನೆಗೇ ಹತ್ತಿರ. ಹಾಗಂತ ಚೀಲ ನೆಲದ ಮೇಲೆ ಇಡೋಕಾಗುತ್ತಾ?” ಎಂದಳು. ಅಂದು ತರಗತಿಯಲ್ಲಿ ಅದಕ್ಕಿಂತ ಒಳ್ಳೆಯ ಉತ್ತರ ಯಾರಿಂದಲೂ ಬರಲಿಲ್ಲ. ಗೋಡೆಯ ಮೊಳೆಯನ್ನು ಎಷ್ಟು ಎತ್ತರದಲ್ಲಿ ಹೊಡೆಯಬೇಕು ಎಂಬುದನ್ನು ಸರಾಸರಿ ನೀರು ಹೇಳುವುದಿಲ್ಲ. ಅತಿ ಹೆಚ್ಚು ಬಂದ ನೀರು ಹೇಳುತ್ತದೆ.

ನೀವೇ ಮಾಡಿ: ಶಾಲೆಗೊಂದು ಮಳೆಮಾಪಕ

ಬೇಕಾಗುವ ಸಾಮಗ್ರಿಗಳು: ನೇರ ಬದಿಯ 2 ಲೀಟರ್ ಪ್ಲಾಸ್ಟಿಕ್ ಬಾಟಲಿ, ಕತ್ತರಿ, ನಾಲ್ಕಾರು ಕಲ್ಲುಹರಳು, ಅಳತೆಪಟ್ಟಿ, ನೀರಿಗೆ ಅಳಿಸದ ಪೆನ್ನು.

ವಿಧಾನ: ಬಾಟಲಿಯ ಭುಜದ ಕೆಳಗೆ ಸುತ್ತಲೂ ಕತ್ತರಿಸಿ. ಈ ಕೆಲಸಕ್ಕೆ ಶಿಕ್ಷಕರ ಸಹಾಯ ಪಡೆಯಿರಿ. ಮೇಲಿನ ಭಾಗವನ್ನು ತಲೆಕೆಳಗು ಮಾಡಿ ಆಲಿಕೆಯಂತೆ ಬಾಟಲಿಯೊಳಗೆ ಕೂರಿಸಿ. ಗಾಳಿಗೆ ಬೀಳದಂತೆ ತಳಕ್ಕೆ ಕಲ್ಲುಹರಳು ಹಾಕಿ. ಬದಿಗಳು ನೇರವಾಗುವವರೆಗೆ, ಕಲ್ಲುಗಳು ಮುಳುಗುವವರೆಗೆ ನೀರು ತುಂಬಿ, ಅಲ್ಲಿ ಗೆರೆ ಎಳೆದು ‘0’ ಎಂದು ಬರೆಯಿರಿ. ಅಲ್ಲಿಂದ ಮೇಲಕ್ಕೆ ಪ್ರತಿ ಮಿಲಿಮೀಟರ್‌ಗೂ ಗುರುತು ಮಾಡಿ. ಮರ, ಗೋಡೆಗಳಿಂದ ದೂರ, ಬಯಲಿನಲ್ಲಿ ಇಡಿ.

ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯಿರಿ. ಹವಾಮಾನ ಕೇಂದ್ರಗಳಲ್ಲೂ ದಿನದ ಮಳೆಯನ್ನು ಲೆಕ್ಕ ಹಾಕುವುದು ಅದೇ ಹೊತ್ತಿಗೆ. ಬರೆದ ಮೇಲೆ ನೀರನ್ನು 0 ಗೆರೆಗೆ ತನ್ನಿ. ಬಿಸಿಲಿಗೆ ನೀರು ಆರಿ ಗೆರೆಗಿಂತ ಕೆಳಗಿಳಿದಿದ್ದರೆ ಅಷ್ಟನ್ನು ತುಂಬಿಸಿ. ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಹೊಸ ನೀರು ಹಾಕಿ, ಇಲ್ಲವಾದರೆ ಸೊಳ್ಳೆಗಳಿಗೆ ನೀವೇ ಮನೆ ಕಟ್ಟಿಕೊಟ್ಟಂತಾಗುತ್ತದೆ!

ಎರಡು ಎಚ್ಚರಿಕೆಗಳು. ಮಳೆ ಬಾರದ ದಿನವೂ ‘0’ ಎಂದು ಬರೆಯಬೇಕು, ಬಿಡಬಾರದು. ನೋಡಲು ಮರೆತ ದಿನ ‘0’ ಬರೆಯಬಾರದು, ಒಂದು ಅಡ್ಡಗೆರೆ ಹಾಕಬೇಕು. ‘ಇಲ್ಲ’ ಎಂಬುದು ಬೇರೆ, ‘ಗೊತ್ತಿಲ್ಲ’ ಎಂಬುದು ಬೇರೆ. ರಜೆಯ ದಿನಗಳ ಮಳೆಯೆಲ್ಲ ಒಟ್ಟಿಗೆ ಸೇರಿದ್ದರೆ ಅದನ್ನೂ ಪಕ್ಕದಲ್ಲಿ ಬರೆದಿಡಿ.

ಒಂದು ತಿಂಗಳಾದ ಮೇಲೆ 5 ಮಿಲಿಮೀಟರ್ ಅಗಲದ ಗುಂಪುಗಳಲ್ಲಿ ಹಿಸ್ಟೋಗ್ರಾಂ ಬರೆಯಿರಿ. ಸರಾಸರಿ, ಮಧ್ಯಾಂಕ, ವ್ಯಾಪ್ತಿಗಳನ್ನು ಕಂಡುಹಿಡಿದು ಚಿತ್ರದ ಮೇಲೆ ಗುರುತಿಸಿ. ಅದು ಮೊದಲ ಊರಿನಂತೆ ಇದೆಯೋ, ಎರಡನೇ ಊರಿನಂತೆಯೋ?

ನಿಮಗೆ ಗೊತ್ತೇ?

ಸಂಖ್ಯಾಶಾಸ್ತ್ರದಲ್ಲಿ ಜಗತ್ತಿಗೇ ಗುರುವಾದ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ರಾಜ್ಯದ ಹೂವಿನ ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅವರು ಹಲವು ದಶಕ ದುಡಿದರು. ಆ ಸಂಸ್ಥೆಯನ್ನು ಕಟ್ಟಿದ ಪಿ. ಸಿ. ಮಹಾಲನೊಬಿಸ್ ಅವರ ಹುಟ್ಟುಹಬ್ಬ ಜೂನ್ 29. ಆ ದಿನವನ್ನು ನಮ್ಮ ದೇಶದಲ್ಲಿ 2007ರಿಂದ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸುತ್ತಾರೆ. ರಾವ್ ಅವರಿಗೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಬಹುಮಾನ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ, 102ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಯೋಚಿಸಿ, ಉತ್ತರಿಸಿ

1. ಎರಡನೇ ಊರಿನ 75ರ ಬದಲು 175 ಮಾಡಿದರೆ ಸರಾಸರಿ ಎಷ್ಟು? ಮಧ್ಯಾಂಕ ಎಷ್ಟು?
2. ಬೆಂಗಳೂರಿನ ವರ್ಷದ ಮಳೆಯಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಪಾಲು ಶೇಕಡಾ ಎಷ್ಟು?
3. ಅಂಗಡಿಯವರು ನಿಮ್ಮ ತರಗತಿಗೆ ಚಪ್ಪಲಿ ತರಿಸಬೇಕು. ಅವರಿಗೆ ನಿಮ್ಮ ಪಾದಗಳ ಸರಾಸರಿ ಅಳತೆ ಸಾಕೇ, ಹಿಸ್ಟೋಗ್ರಾಂ ಬೇಕೇ? ಏಕೆ?

ಉತ್ತರಗಳು: 1. ಸರಾಸರಿ 20, ಮಧ್ಯಾಂಕ 0. 2. ಆರು ತಿಂಗಳ ಮಳೆ 912 ಮಿಲಿಮೀಟರ್, ಸುಮಾರು ಶೇಕಡಾ 85. 3. ಇದರ ಉತ್ತರವನ್ನು ನಾನು ಹೇಳುವುದಿಲ್ಲ. ಪಾದಗಳನ್ನು ಅಳೆದು ನೀವೇ ಚಿತ್ರ ಬರೆಯಿರಿ. ಎಲ್ಲರಿಗೂ ಸರಾಸರಿ ಅಳತೆಯ ಚಪ್ಪಲಿ ತಂದುಕೊಟ್ಟರೆ ಎಷ್ಟು ಜನ ಬರಿಗಾಲಲ್ಲಿ ಮನೆಗೆ ಹೋಗಬೇಕಾಗುತ್ತದೆ, ಎಣಿಸಿ ನೋಡಿ.